ಓಪನ್‌ವಿ ಎಂಬ ಫೋಲ್ಡರು: ಒಂದು ಬ್ಯಾಕಪ್ ಕಂಪನಿಯ ಕತೆ

(ಉಡುಪಿಯಲ್ಲಿ ಒಂದು ಸಂಜೆ ಆಡಿದ ಮಾತು ಇದು. ಕೇಳಲು ಬಂದವರಲ್ಲಿ ಅರ್ಧ ಕಾಮರ್ಸ್ ಮತ್ತು ಕಂಪ್ಯೂಟರ್ ಓದುವ ಹುಡುಗರು, ಉಳಿದರ್ಧ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ. ಮೊದಲು ಒಮ್ಮೆ ಕೈ ಎತ್ತಿ ನೋಡೋಣ. ಸಿಂಡಿಕೇಟ್ ಬ್ಯಾಂಕಿನದೋ, ಕಾರ್ಪೊರೇಶನ್ ಬ್ಯಾಂಕಿನದೋ, ವಿಜಯಾ ಬ್ಯಾಂಕಿನದೋ ಹಳೆ ಪಾಸ್‌ಬುಕ್ ಯಾರ ಮನೆಯಲ್ಲಿ ಇನ್ನೂ ಇದೆ?

ನೋಡಿ, ಮುಕ್ಕಾಲು ಸಭೆ ಕೈ ಎತ್ತಿತು. ಉಡುಪಿಯಲ್ಲಿ ಕೇಳಿದರೆ ಹೀಗೇ ಆಗುವುದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಅದರ ಮುಂದಿನ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಬೋರ್ಡು ಬದಲಾಯಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಆದರೆ ನಿಮ್ಮ ಎಫ್‌ಡಿ ಎಲ್ಲಿಗೂ ಹೋಗಲಿಲ್ಲ. ನೀವೂ ಎಲ್ಲಿಗೂ ಹೋಗಲಿಲ್ಲ. ಅದೇ ಕೌಂಟರಿನ ಎದುರು ಹೋಗಿ ನಿಂತಿರಿ, ಬೈಯುತ್ತಲೇ ನಿಂತಿರಿ.

ನಾನು ಇವತ್ತು ಹೇಳಹೊರಟಿರುವುದು ಹೆಚ್ಚು ಕಡಿಮೆ ಇಂಥದ್ದೇ ಕತೆ. ಅಮೆರಿಕದ ಒಂದು ಬ್ಯಾಕಪ್ ಸಾಫ್ಟ್‌ವೇರ್ ಕಂಪನಿಯದ್ದು. ಹೆಸರು ವೆರಿಟಾಸ್. ಅದನ್ನು ಕೊಂಡರು, ಮಾರಿದರು, ಇನ್ನೊಂದರೊಳಗೆ ಸೇರಿಸಿದರು, ಮತ್ತೆ ಹೊರಗೆ ತೆಗೆದರು, ಕೊನೆಗೆ ಎರಡು ಹೋಳು ಮಾಡಿದರು. ಇಷ್ಟೆಲ್ಲ ಆದರೂ ಗಿರಾಕಿಗಳು ಅಲ್ಲೇ ನಿಂತಿದ್ದರು. ಯಾಕೆ ನಿಂತರು ಅನ್ನುವುದೇ ನನಗೆ ಕುತೂಹಲ.

ಅದಕ್ಕೂ ಮೊದಲು ನನ್ನದೇ ಒಂದು ಪಜೀತಿ ಹೇಳಿಬಿಡುತ್ತೇನೆ.

2000ದ ದಶಕದ ಶುರು. ಇಲ್ಲೇ ಹತ್ತಿರದ ಒಂದು ಸಣ್ಣ ಹಣಕಾಸು ಸಂಸ್ಥೆಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಒಂದು ಸರ್ವರು, ಅದಕ್ಕೊಂದು ಡ್ಯಾಟ್ ಟೇಪ್ ಡ್ರೈವು. ಕ್ಯಾಸೆಟ್ ಅಂದರೆ ಎರಡು ಬೆಂಕಿಪೆಟ್ಟಿಗೆ ಪಕ್ಕ ಪಕ್ಕ ಇಟ್ಟಷ್ಟು ದೊಡ್ಡದು, ಒಳಗೆ 4 ಮಿಲಿಮೀಟರ್ ಅಗಲದ ಟೇಪು. ಒಂದರಲ್ಲಿ 12 ಜಿಬಿ ಹಿಡಿಯುತ್ತಿತ್ತು. ಇವತ್ತು ನಿಮ್ಮ ಮೊಬೈಲಿನ ವಾಟ್ಸಾಪ್ ಅಷ್ಟನ್ನು ಸುಮ್ನೆ ನುಂಗುತ್ತದೆ, ಆಗ ಅದು ಸಮುದ್ರ. ಐದು ಕ್ಯಾಸೆಟ್ ಇದ್ದವು. ಮೇಲೆ ಬಾಲ್‌ಪೆನ್ನಿನಲ್ಲಿ ಸೋಮ, ಮಂಗಳ, ಬುಧ ಎಂದು ಬರೆದಿದ್ದೆ. ಸಂಜೆ ಲೆಕ್ಕ ಮುಗಿದ ಮೇಲೆ ಕ್ಲರ್ಕ್ ಒಬ್ಬರು ಆ ದಿನದ ಕ್ಯಾಸೆಟ್ ಹಾಕಿ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಅದು ತಾನಾಗಿಯೇ ಹೊರಗೆ ಬಂದಿರುತ್ತಿತ್ತು. ಬಂದಿದ್ದರೆ ಬ್ಯಾಕಪ್ ಆಯಿತು ಅಂತ ನಮ್ಮ ಲೆಕ್ಕ.

ಮೇ ಕೊನೆ. ಮಳೆ ಹಿಡಿಯುವ ಮೊದಲು ನಮ್ಮ ಕಡೆ ಸಿಡಿಲು ಹೇಗೆ ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬುಧವಾರ ಮಧ್ಯಾಹ್ನ ಒಂದು ಸಿಡಿಲಿಗೆ ಸರ್ವರಿನ ಡಿಸ್ಕು ಹೋಯಿತು. ಚಿಂತೆ ಇಲ್ಲ, ಕ್ಯಾಸೆಟ್ ಉಂಟಲ್ಲ ಎಂದೆ. ಮಂಗಳವಾರದ್ದು ಹಾಕಿದೆ. ಓದಲಿಲ್ಲ. ಸೋಮವಾರದ್ದು, ಅದೂ ಇಲ್ಲ. ಶುಕ್ರವಾರ, ಗುರುವಾರ, ಎರಡೂ ಇಲ್ಲ. ಕೊನೆಗೆ ಹೋದ ವಾರದ ಬುಧವಾರದ ಕ್ಯಾಸೆಟ್ ಒಂದು ಓದಿತು. ಒಂದು ವಾರದ ಲೆಕ್ಕ ಪೂರ್ತಿ ಹೋಗಿತ್ತು. ನಾಲ್ಕು ರಾತ್ರಿ ಕೂತು ವೋಚರುಗಳನ್ನು ಒಂದೊಂದಾಗಿ ಮತ್ತೆ ಎಂಟ್ರಿ ಮಾಡಿದೆವು.

ಆಮೇಲೆ ಡ್ರೈವನ್ನು ಹತ್ತಿರದಿಂದ ನೋಡಿದೆ. ಮುಂಭಾಗದಲ್ಲಿ ಒಂದು ಹಳದಿ ದೀಪ ಇರುತ್ತದೆ. ಹೆಡ್ಡು ಕೊಳೆಯಾಗಿದೆ, ಕ್ಲೀನ್ ಮಾಡಿ ಎಂದು ಮಿನುಗುವ ದೀಪ. ನಮ್ಮ ಉಪ್ಪುಗಾಳಿಗೆ, ಧೂಳಿಗೆ ಅದು ಯಾವತ್ತಿನಿಂದ ಮಿನುಗುತ್ತಿತ್ತೋ. ಕಣ್ಣಿಗೆ ಕಿರಿಕಿರಿ ಅಂತ ಯಾರೋ ಅದರ ಮೇಲೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದ್ದರು! ನಗಬೇಡಿ. ಅಂಟಿಸಿದವರ ತಪ್ಪು ಕಾಲು ಭಾಗ. ಒಂದು ದಿನವಾದರೂ ಕ್ಯಾಸೆಟ್ ವಾಪಸು ಓದಿ ನೋಡದ ನನ್ನ ತಪ್ಪು ಮುಕ್ಕಾಲು.

ನಾವು ಬಳಸುತ್ತಿದ್ದ ಪ್ರೋಗ್ರಾಂ ವಿಂಡೋಸ್ ಜೊತೆ ಪುಕ್ಕಟೆ ಬರುತ್ತಿದ್ದ ಎನ್‌ಟಿ ಬ್ಯಾಕಪ್. ಅದನ್ನು ಮೈಕ್ರೋಸಾಫ್ಟಿನವರೇ ಬರೆದದ್ದು ಅಂತ ಎಷ್ಟೋ ವರ್ಷ ನಂಬಿದ್ದೆ. ಅಲ್ಲವಂತೆ. ಅದೂ ನಾನೀಗ ಹೇಳಲಿರುವ ಮನೆತನದ ಕೂಸೇ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಈ ಹುಚ್ಚು.

ಬ್ಯಾಕಪ್ ಅಂದರೆ ಕಾಪಿ ತಾನೇ, ಅದಕ್ಕೊಂದು ಕಂಪನಿ ಬೇಕಾ ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ಕೊಡಲು ಉಡುಪಿಗಿಂತ ಒಳ್ಳೆಯ ಊರು ಬೇರೆ ಇಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ನಿಮ್ಮ ತಿಜೋರಿಯನ್ನೇ ದಿನಾ ಹೊತ್ತುಕೊಂಡು ಹೋಗುತ್ತಿರಲಿಲ್ಲ, ಅಲ್ವಾ? ಆ ದಿನ ಹೊಸದಾಗಿ ಕೈಗೆ ಬಂದದ್ದರಲ್ಲಿ ಸ್ವಲ್ಪ, ಅಷ್ಟೇ. ಬ್ಯಾಕಪ್ಪೂ ಹಾಗೆಯೇ. ಒಂದು ದಿನ ಪೂರ್ತಿ ತೆಗೆಯುವುದು, ಉಳಿದ ದಿನ ಹೊಸದಾಗಿ ಬದಲಾದದ್ದನ್ನು ಮಾತ್ರ ತೆಗೆಯುವುದು. ಆದರೆ ಪಿಗ್ಮಿಯಲ್ಲಿ ಮುಖ್ಯವಾದದ್ದು ಯಾವುದು? ಏಜೆಂಟನ ಚೀಲ ಅಲ್ಲ, ಅವನ ಪುಸ್ತಕ. ಯಾರು, ಯಾವತ್ತು, ಎಷ್ಟು ಕೊಟ್ಟರು ಅನ್ನುವ ಲೆಕ್ಕ. ಅದು ಕಳೆದುಹೋದರೆ ಚೀಲದಲ್ಲಿ ಬರೀ ಚಿಲ್ಲರೆ.

ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಆ ಪುಸ್ತಕಕ್ಕೆ ಕ್ಯಾಟಲಾಗ್ ಅನ್ನುತ್ತಾರೆ. ನೂರು ಸರ್ವರು, ಸಾವಿರಾರು ಟೇಪು ಇರುವಲ್ಲಿ, ಎರಡು ವರ್ಷದ ಹಿಂದಿನ ಮಾರ್ಚ್ 31ರ ಆ ಒಂದು ಫೈಲು ಯಾವ ಟೇಪಿನಲ್ಲಿ, ಎಷ್ಟನೇ ಜಾಗದಲ್ಲಿದೆ ಅಂತ ಹೇಳುವುದು ಅದೇ. ಇನ್ನೊಂದು ಕಷ್ಟ ಇದೆ. ಡೇಟಾಬೇಸು ನಿಲ್ಲುವುದಿಲ್ಲ. ಕ್ಲರ್ಕ್ ಲೆಡ್ಜರಿನಲ್ಲಿ ಬರೆಯುತ್ತಿರುವಾಗಲೇ ಅದರ ಫೋಟೊ ತೆಗೆದರೆ, ಎಡ ಪುಟದಲ್ಲಿ ಖರ್ಚು ಬಿದ್ದಿರುತ್ತದೆ, ಬಲ ಪುಟದಲ್ಲಿ ಜಮೆ ಇನ್ನೂ ಬಿದ್ದಿರುವುದಿಲ್ಲ. ಅಂಥ ಫೋಟೊ ಇಟ್ಟುಕೊಂಡು ಏನು ಮಾಡುವುದು? ಅದಕ್ಕೇ ಒರೇಕಲ್ ಎಂಬ ಡೇಟಾಬೇಸಿಗೆ ಒಂದು ಏಜೆಂಟು (ಒಳಗೆ ಕೂತು ಸರಿಯಾಗಿ ಕಾಪಿ ತೆಗೆಸುವ ಸಣ್ಣ ಪ್ರೋಗ್ರಾಂ), ಮೇಲ್ ಸರ್ವರಿಗೆ ಇನ್ನೊಂದು ಏಜೆಂಟು, ಪ್ರತಿಯೊಂದಕ್ಕೂ ಬೇರೆ ಲೈಸೆನ್ಸು, ಬೇರೆ ದುಡ್ಡು. ಮೇಲಿಂದ ವರ್ಷ ವರ್ಷ ಮೈಂಟೆನೆನ್ಸ್ ಫೀಸು. ಈ ವ್ಯಾಪಾರದ ಅನ್ನ ಬೇಯುವುದು ಆ ಫೀಸಿನಲ್ಲಿ.

ಸರಿ, ಕತೆಗೆ ಬರುತ್ತೇನೆ. ಮೂರು ತೋಡುಗಳು ಬಂದು ಒಂದು ಹೊಳೆಗೆ ಸೇರಿದ ಕತೆ ಇದು.

ಮೊದಲನೆಯದು 1983ರಲ್ಲಿ ಶುರುವಾದ ಟಾಲರೆಂಟ್ ಸಿಸ್ಟಮ್ಸ್. ಕ್ಯಾಲಿಫೋರ್ನಿಯಾದ ಕಂಪನಿ. ಒಂದು ಭಾಗ ಕೆಟ್ಟರೂ ನಿಲ್ಲದ ಕಂಪ್ಯೂಟರ್ ಮಾಡಿ ಮಾರುವುದು ಅವರ ಆಸೆ. ಕಂಪ್ಯೂಟರ್ ನಿಲ್ಲಲಿಲ್ಲವೋ ಏನೋ, ವ್ಯಾಪಾರ ನಿಂತಿತು. ಕೈಯಲ್ಲಿ ಉಳಿದದ್ದು ಸಾಫ್ಟ್‌ವೇರು. ಕರೆಂಟು ಹೋದರೂ ಫೈಲು ಹಾಳಾಗದ ಹಾಗೆ ನೋಡಿಕೊಳ್ಳುವ ಫೈಲ್ ಸಿಸ್ಟಮ್ಮು, ಒಂದೇ ಡೇಟಾವನ್ನು ಎರಡು ಡಿಸ್ಕಿಗೆ ಒಟ್ಟಿಗೆ ಬರೆಯುವ ವಾಲ್ಯೂಮ್ ಮ್ಯಾನೇಜರು. 1989ರಲ್ಲಿ ಹೆಸರನ್ನು ವೆರಿಟಾಸ್ ಎಂದು ಬದಲಿಸಿ, ಇದನ್ನೇ ಸನ್, ಎಚ್‌ಪಿ ಥರದ, ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಓಡುವ ದೊಡ್ಡ ಕಂಪ್ಯೂಟರ್ ಮಾಡುವ ಕಂಪನಿಗಳಿಗೆ ಮಾರತೊಡಗಿದರು. 1990ರಲ್ಲಿ ಮಾರ್ಕ್ ಲೆಸ್ಲಿ ಮುಖ್ಯಸ್ಥರಾಗಿ ಬಂದಾಗ ವರ್ಷದ ಆದಾಯ 95 ಸಾವಿರ ಡಾಲರ್. ಹನ್ನೊಂದು ವರ್ಷದಲ್ಲಿ ಅದು 150 ಕೋಟಿ ಡಾಲರ್ ಆಯಿತು. ಹಂಚು ಸುಡಲು ಹೋಗಿ ಸೋತವನು ಮಣ್ಣು ಮಾರಿ ಗೆದ್ದ ಹಾಗೆ.

ಎರಡನೆಯದು ನನಗೆ ಹೆಚ್ಚು ಪ್ರೀತಿಯದ್ದು. 1987ರಲ್ಲಿ ಕ್ರೈಸ್ಲರ್ ಕಾರ್ ಕಂಪನಿಯವರು ತಮ್ಮ ಕಂಪ್ಯೂಟರ್‌ಗಳ ಬ್ಯಾಕಪ್ಪಿಗೆ ಒಂದು ಪ್ರೋಗ್ರಾಂ ಬರೆದುಕೊಡಿ ಅಂತ ಕಂಟ್ರೋಲ್ ಡೇಟಾ ಕಾರ್ಪೊರೇಶನ್ನಿಗೆ ಹೇಳಿದರು. ಅದು ಸೂಪರ್ ಕಂಪ್ಯೂಟರ್‌ಗೆ ಹೆಸರಾದ ಕಂಪನಿ. ಕೆಲವೇ ಜನ ಎಂಜಿನಿಯರುಗಳು ಕೂತು ಬರೆದರು. ಒಬ್ಬ ಗಿರಾಕಿಗೆ ಅಂತ ಹೊಲಿದ ಅಂಗಿ ಬೇರೆಯವರಿಗೂ ಸರಿಹೊಂದಿತು. 1993ರಲ್ಲಿ ಅದಕ್ಕೆ ಬ್ಯಾಕಪ್ ಪ್ಲಸ್ ಅಂತ ಹೆಸರಿಟ್ಟರು. ಅದೇ ವರ್ಷದ ಕೊನೆಗೆ ಓಪನ್‌ವಿಷನ್ ಎಂಬ ಕಂಪನಿ ಪ್ರೋಗ್ರಾಮನ್ನೂ ಅದರ ಹನ್ನೆರಡು ಜನರ ತಂಡವನ್ನೂ ಕೊಂಡಿತು, ಹೆಸರು ನೆಟ್‌ಬ್ಯಾಕಪ್ ಆಯಿತು. 1997ರಲ್ಲಿ ಓಪನ್‌ವಿಷನ್ನೇ ವೆರಿಟಾಸ್‌ನೊಳಗೆ ಸೇರಿತು.

ಇಲ್ಲೊಂದು ಮಜಾ ಇದೆ. ನೆಟ್‌ಬ್ಯಾಕಪ್‌ನ ಕಮಾಂಡುಗಳಲ್ಲಿ ಬಹಳಷ್ಟು 'ಬಿಪಿ' ಅಂತ ಶುರುವಾಗುತ್ತವೆ. ಬಿಪಿ ಬ್ಯಾಕಪ್, ಬಿಪಿ ರಿಸ್ಟೋರ್, ಹೀಗೆ. ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಫೇಲಾದ ಫೋನು ಬಂದರೆ ಏರುವುದೇ ಅದು, ಅದಕ್ಕೇ ಆ ಹೆಸರು ಅಂತ ನಮ್ಮಲ್ಲಿ ತಮಾಷೆ ಇತ್ತು. ನಿಜದಲ್ಲಿ ಅದು ಬ್ಯಾಕಪ್ ಪ್ಲಸ್‌ನ ಬಿಪಿ. ಯುನಿಕ್ಸ್ ಮೆಷಿನ್ನಿನಲ್ಲಿ ಈ ಸಾಫ್ಟ್‌ವೇರು ಹೋಗಿ ಕೂರುವ ಫೋಲ್ಡರಿನ ಹೆಸರು 'ಓಪನ್‌ವಿ'. ಓಪನ್‌ವಿಷನ್ ಎಂಬ ಕಂಪನಿ ಹೋಗಿ ಎಷ್ಟು ಕಾಲವಾಯಿತು, ಫೋಲ್ಡರು ಮಾತ್ರ ಹಾಗೇ ಇದೆ. ಬದಲಿಸಲು ಹೋದರೆ ಜಗತ್ತಿನಾದ್ಯಂತ ಯಾವ ಯಾವ ಅಡ್ಮಿನ್ ಬರೆದಿಟ್ಟ ಸ್ಕ್ರಿಪ್ಟುಗಳು ನಿಂತುಹೋಗುತ್ತವೋ. ಯಾರು ಕೈ ಹಾಕುತ್ತಾರೆ?

ಮೂರನೆಯ ತೋಡು ಬ್ಯಾಕಪ್ ಎಕ್ಸೆಕ್, ಸಣ್ಣ ಆಫೀಸುಗಳ ಸಾಫ್ಟ್‌ವೇರು. ಇದರ ಒಡೆತನ ನೋಡುವುದೆಂದರೆ ನಾಲ್ಕು ತಲೆಮಾರಿನ ಆರ್‌ಟಿಸಿ ತೆಗೆಸಿ ನೋಡಿದ ಹಾಗೆ. ಮೊದಲು ಮೇನಾರ್ಡ್ ಎಲೆಕ್ಟ್ರಾನಿಕ್ಸ್. 1989ರಲ್ಲಿ ಅದು ಆರ್ಕೈವ್ ಕಾರ್ಪೊರೇಶನ್ ಪಾಲು. 1993ರಲ್ಲಿ ಆರ್ಕೈವ್ ಹೋಗಿ ಕಾನರ್ ಪಾಲು. ಕಾನರ್‌ನವರು ಕ್ವೆಸ್ಟ್ ಎಂಬ ಸಣ್ಣ ಕಂಪನಿಯನ್ನು ತಂದು ಇದಕ್ಕೆ ಕೂಡಿಸಿ ಆರ್ಕೇಡಾ ಅಂತ ಹೆಸರಿಟ್ಟರು. ಮೈಕ್ರೋಸಾಫ್ಟಿಗೆ ಎನ್‌ಟಿ ಬ್ಯಾಕಪ್ ಬರೆದುಕೊಡುವ ಕಾಂಟ್ರಾಕ್ಟ್ ಸಿಕ್ಕಿದ್ದು ಈ ಕ್ವೆಸ್ಟ್‌ಗೇ. ನನ್ನ ಬಿಂದಿ ಪ್ರಕರಣದ ಬೇರು ಅಲ್ಲಿದೆ. 1996ರಲ್ಲಿ ಕಾನರ್ ಅನ್ನು ಹಾರ್ಡ್‌ಡಿಸ್ಕ್ ಮಾಡುವ ಸೀಗೇಟ್ ಕೊಂಡಿತು. 1999ರಲ್ಲಿ ಸೀಗೇಟ್ ತನ್ನ ಬ್ಯಾಕಪ್ ವಿಭಾಗವನ್ನು ವೆರಿಟಾಸ್‌ಗೆ ಕೊಟ್ಟಿತು.

ಹೀಗೆ ದೊಡ್ಡವರಿಗೆ ನೆಟ್‌ಬ್ಯಾಕಪ್, ಸಣ್ಣವರಿಗೆ ಬ್ಯಾಕಪ್ ಎಕ್ಸೆಕ್, ಎರಡೂ ಒಂದೇ ಮನೆಗೆ ಬಂದವು. ಕಾಮರ್ಸ್ ಹುಡುಗರು ಸ್ವಲ್ಪ ಇಲ್ಲಿ ಗಮನ ಕೊಡಿ. ಸೀಗೇಟ್ ಆ ವಿಭಾಗವನ್ನು ಕೊಟ್ಟದ್ದು ನಗದಿಗಲ್ಲ, ವೆರಿಟಾಸ್ ಷೇರಿಗೆ. ಅದು ಡಾಟ್‌ಕಾಂ ಹುಚ್ಚಿನ ಕಾಲ. ವೆರಿಟಾಸ್ ಷೇರು ಏರಿತು, ಏರಿತು, ಕೊನೆಗೆ ಎಲ್ಲಿಗೆ ಮುಟ್ಟಿತೆಂದರೆ, ಸೀಗೇಟ್ ಕೈಯಲ್ಲಿದ್ದ ವೆರಿಟಾಸ್ ಷೇರುಗಳ ಬೆಲೆ ಇಡೀ ಸೀಗೇಟ್ ಕಂಪನಿಯ ಮಾರುಕಟ್ಟೆ ಬೆಲೆಗಿಂತ ಜಾಸ್ತಿಯಾಯಿತು! ಐದು ಎಕರೆ ತೋಟಕ್ಕಿಂತ ಅದರ ಬೇಲಿ ಬದಿಯ ಒಂದು ಮರಕ್ಕೆ ಬೆಲೆ ಜಾಸ್ತಿ ಅಂದ ಹಾಗೆ. ಅಷ್ಟೆಲ್ಲ ಫ್ಯಾಕ್ಟರಿ, ಜನ, ಹಾರ್ಡ್‌ಡಿಸ್ಕ್ ವ್ಯಾಪಾರ, ಎಲ್ಲ ಸೇರಿ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ. ಆ ಷೇರನ್ನು ಹಾಗೇ ಮಾರಿದರೆ ತೆರಿಗೆ ಭಾರಿ ಬೀಳುತ್ತಿತ್ತು. 2000ರ ಮಾರ್ಚ್‌ನಲ್ಲಿ ಒಂದು ದಾರಿ ಹುಡುಕಿದರು. ಸಿಲ್ವರ್ ಲೇಕ್ ಎಂಬ ಹೂಡಿಕೆದಾರರ ಗುಂಪು ಹಾರ್ಡ್‌ಡಿಸ್ಕ್ ವ್ಯಾಪಾರವನ್ನು ಕೊಂಡಿತು. ಷೇರು ಮಾತ್ರ ಉಳಿದ ಸೀಗೇಟಿನ ಚಿಪ್ಪನ್ನು ವೆರಿಟಾಸ್ ತನ್ನೊಳಗೆ ಸೇರಿಸಿಕೊಂಡಿತು. ನವೆಂಬರಿಗೆ ವ್ಯವಹಾರ ಮುಗಿಯಿತು. ನನಗೆ ಇದನ್ನು ಅರ್ಥ ಮಾಡಿಕೊಳ್ಳಲು ಮೂರು ಸಲ ಓದಬೇಕಾಯಿತು, ಹಾಗಾಗಿ ನೀವು ತಲೆ ಕೆರೆದುಕೊಂಡರೆ ತಪ್ಪಿಲ್ಲ.

ವೆರಿಟಾಸ್ ಅಂದರೆ ಲ್ಯಾಟಿನ್ನಿನಲ್ಲಿ ಸತ್ಯ. 2002ರಲ್ಲಿ ಈ ಸತ್ಯದ ಕಂಪನಿಯ ಹಣಕಾಸು ಮುಖ್ಯಸ್ಥರು ತಾವು ಸ್ಟ್ಯಾನ್‌ಫರ್ಡ್‌ನಲ್ಲಿ ಎಂಬಿಎ ಮಾಡಿದ್ದು ಅಂತ ಹೇಳಿಕೊಂಡದ್ದು ಸುಳ್ಳು ಅಂತ ಗೊತ್ತಾಯಿತು. ರಾಜೀನಾಮೆ ಕೊಟ್ಟರು, ಷೇರು ಬಿತ್ತು. ಇದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹೆಸರೇ ಎಲ್ಲ ಹೇಳಿಬಿಟ್ಟಿದೆ.

2004ರ ಡಿಸೆಂಬರಿನಲ್ಲಿ ಸಿಮ್ಯಾಂಟೆಕ್ ಬಂತು. ನಾರ್ಟನ್ ಆಂಟಿವೈರಸ್‌ನವರು. 1350 ಕೋಟಿ ಡಾಲರ್ ಬೆಲೆಗೆ ವೆರಿಟಾಸನ್ನು ಕೊಳ್ಳುತ್ತೇವೆ ಎಂದರು. ಕಳ್ಳ ಬರದ ಹಾಗೆ ನೋಡುವವರು ನಾವು, ಬಂದರೆ ಹೋದದ್ದನ್ನು ತಂದುಕೊಡುವವರು ಅವರು, ಎರಡೂ ಒಂದೇ ಅಂಗಡಿಯಲ್ಲಿ ಸಿಕ್ಕಿದರೆ ಗಿರಾಕಿಗೆ ಒಳ್ಳೆಯದಲ್ಲವಾ ಅನ್ನುವುದು ವಾದ. ಕೇಳಲು ಚೆನ್ನಾಗಿದೆ. ಆದರೆ ದೊಡ್ಡ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆಂಟಿವೈರಸ್ ಕೊಳ್ಳುವವನ ಕುರ್ಚಿ ಬೇರೆ, ಬ್ಯಾಕಪ್ ಕೊಳ್ಳುವವನ ಕುರ್ಚಿ ಬೇರೆ. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಚಾ ಕುಡಿದರೂ ಒಂದೇ ಬಜೆಟ್ಟಿನಿಂದ ಖರ್ಚು ಮಾಡುವುದಿಲ್ಲ. ಹತ್ತು ವರ್ಷ ಒಟ್ಟಿಗೆ ಸಂಸಾರ ಮಾಡಿದರು. 2014ರಲ್ಲಿ ಬೇರೆಯಾಗುತ್ತೇವೆ ಎಂದರು. 2015ರಲ್ಲಿ ಕಾರ್ಲೈಲ್ ಎಂಬ ಹೂಡಿಕೆ ಕಂಪನಿಗೆ 800 ಕೋಟಿ ಡಾಲರಿಗೆ ಮಾತಾಯಿತು, 2016ರ ಜನವರಿಯಲ್ಲಿ ಕೈಗೆ ಬಂದದ್ದು 740 ಕೋಟಿಯ ಬೆಲೆಗೆ. ಕೊಂಡದ್ದಕ್ಕೂ ಮಾರಿದ್ದಕ್ಕೂ ಇರುವ ಅಂತರ ನೀವೇ ಕಳೆದು ನೋಡಿ. ಪೂರ್ತಿ ನಷ್ಟ ಅನ್ನುವುದೂ ತಪ್ಪು, ಹತ್ತು ವರ್ಷದ ಫೀಸು ಅವರ ಗಲ್ಲಾಕ್ಕೇ ಬಿದ್ದಿದೆ.

ಆ ಫೀಸು ಯಾಕೆ ನಿಲ್ಲಲಿಲ್ಲ ಅನ್ನುವುದೇ ನಾನು ಶುರುವಿನಲ್ಲಿ ಕೇಳಿದ ಪ್ರಶ್ನೆ. ನಮ್ಮ ದೇಶದ ಕಂಪನಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು 8 ವರ್ಷ ಇಟ್ಟುಕೊಳ್ಳಬೇಕು. ಬೇರೆ ದೇಶಗಳಲ್ಲೂ ಇಂಥ ನಿಯಮಗಳಿವೆ. ನೀವು ಎಂಟು ವರ್ಷದ ಟೇಪುಗಳನ್ನು ನೆಟ್‌ಬ್ಯಾಕಪ್‌ನಲ್ಲಿ ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ಇವತ್ತು ಸಿಟ್ಟು ಬಂದು ಬೇರೆ ಕಂಪನಿಯ ಸಾಫ್ಟ್‌ವೇರ್ ತಂದಿರಿ. ನಾಳಿನ ಬ್ಯಾಕಪ್ ಹೊಸದರಲ್ಲಿ ಆಗುತ್ತದೆ. ಆದರೆ ಐದು ವರ್ಷದ ಹಿಂದಿನ ಫೈಲು ಬೇಕೆಂದರೆ? ಹಳೆ ಕ್ಯಾಟಲಾಗ್ ಬೇಕು, ಹಳೆ ಸಾಫ್ಟ್‌ವೇರು ಬೇಕು. ಅಂದರೆ ಹೊಸಬರಿಗೂ ದುಡ್ಡು, ಹಳಬರಿಗೂ ದುಡ್ಡು. ಇದನ್ನು ನೆನೆಸಿಕೊಂಡೇ ಮ್ಯಾನೇಜರುಗಳು ಈ ವರ್ಷವೂ ರಿನ್ಯೂ ಮಾಡಿ ಅನ್ನುತ್ತಾರೆ. ಹಾಗಾಗಿ ಇಂಥ ಕಂಪನಿಯನ್ನು ಕೊಳ್ಳುವವರು ಕೊಳ್ಳುವುದು ಸಾಫ್ಟ್‌ವೇರಿಗಿಂತ ಹೆಚ್ಚಾಗಿ ಗಿರಾಕಿಗಳ ಕಪಾಟಿನಲ್ಲಿರುವ ಹಳೆ ಟೇಪುಗಳನ್ನು ಅಂತ ನನ್ನ ಅಭಿಪ್ರಾಯ. ಒಪ್ಪದವರು ಆಮೇಲೆ ಚಾ ಕುಡಿಯುವಾಗ ಜಗಳ ಮಾಡಬಹುದು.

ಹಾಗಂತ ಹಳಬರು ಸೋಲಲೇ ಇಲ್ಲವಾ? ಸೋತರು. ಹಳೆ ಗಿರಾಕಿ ಬಿಡಲಿಲ್ಲ, ಆದರೆ ಹೊಸ ಗಿರಾಕಿ ಬರಲಿಲ್ಲ. ವಿಎಂವೇರ್ ಬಂದ ಮೇಲೆ ಒಂದೇ ಸರ್ವರಿನ ಹೊಟ್ಟೆಯಲ್ಲಿ ಹತ್ತು ಸರ್ವರು, ಅಂದರೆ ವರ್ಚುವಲ್ ಮೆಷಿನ್ ಅಥವಾ ವಿಎಂ, ಓಡತೊಡಗಿದವು. ಹಳೆ ಪದ್ಧತಿಯಲ್ಲಿ ಪ್ರತಿಯೊಂದರೊಳಗೂ ಒಬ್ಬ ಏಜೆಂಟು. ರಾತ್ರಿ ಹನ್ನೊಂದಕ್ಕೆ ಹತ್ತೂ ಏಜೆಂಟರು ಒಟ್ಟಿಗೆ ಎದ್ದರೆ ಆ ಬಡಪಾಯಿ ಮೆಷಿನ್ನಿಗೆ ಉಸಿರುಗಟ್ಟುತ್ತಿತ್ತು. 2006ರಲ್ಲಿ ಶುರುವಾದ ವೀಮ್ ಎಂಬ ಕಂಪನಿ, ಒಳಗೆ ಯಾಕೆ ಹೋಗುತ್ತೀರಿ, ಹೊರಗಿನಿಂದಲೇ ಇಡೀ ವರ್ಚುವಲ್ ಮೆಷಿನ್ ಎತ್ತಿಕೊಳ್ಳಿ ಎಂದಿತು. ವಿಎಂ ಅನ್ನುವುದನ್ನು ಎಳೆದು ಹೇಳಿದರೆ ವೀಮ್, ಹೆಸರು ಅಲ್ಲಿಂದಲೇ ಬಂದದ್ದು. 2020ರಲ್ಲಿ ಅದು ಮಾರಾಟವಾದದ್ದು 500 ಕೋಟಿ ಡಾಲರಿಗೆ.

ಇನ್ನೊಂದು ನಮ್ಮ ಪಕ್ಕದ ರಾಜ್ಯದ್ದು. ವೆರಿಟಾಸ್‌ಗೆ ಪುಣೆಯಲ್ಲಿ ದೊಡ್ಡ ಆಫೀಸಿತ್ತು. ಅಲ್ಲಿ ಕೆಲಸ ಮಾಡಿದ್ದ ಜಸ್‌ಪ್ರೀತ್ ಸಿಂಗ್ ಮತ್ತು ಮಿಲಿಂದ್ ಬೋರಾಟೆ, ಜೊತೆಗೆ ರಮಣಿ ಕೋದಂಡರಾಮನ್, ಮೂವರೂ ಸೇರಿ 2008ರಲ್ಲಿ ಪುಣೆಯಲ್ಲೇ ದ್ರುವಾ ಶುರು ಮಾಡಿದರು. ನಮ್ಮ ಧ್ರುವ ನಕ್ಷತ್ರವೇ. ಮೊದಲು ಹಣಕಾಸು ಕಂಪನಿಗಳನ್ನು ಹಿಡಿಯಲು ನೋಡಿದರು. ಆಮೇಲೆ ದೊಡ್ಡವರು ಯಾರೂ ಲಕ್ಷ್ಯ ಕೊಡದ ಒಂದು ಮೂಲೆ ಕಣ್ಣಿಗೆ ಬಿತ್ತು: ಲ್ಯಾಪ್‌ಟಾಪು. ಸರ್ವರ್ ರೂಮಿನಲ್ಲಿ ಎಷ್ಟೇ ಟೇಪು ಇದ್ದರೂ, ಸೇಲ್ಸ್‌ನವನ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಮರೆತುಹೋದರೆ ಅದರಲ್ಲಿದ್ದದ್ದು ಹೋದಂತೆಯೇ. ಅಲ್ಲಿಂದ ಕ್ಲೌಡಿಗೆ ಹೋದರು. 2019ರಲ್ಲಿ ಕಂಪನಿಯ ಬೆಲೆ 100 ಕೋಟಿ ಡಾಲರ್ ದಾಟಿತು. ಟೇಪೂ ಇಲ್ಲ, ಡ್ರೈವೂ ಇಲ್ಲ, ಬಿಂದಿ ಅಂಟಿಸಲು ದೀಪವೂ ಇಲ್ಲ.

ಕೊನೆಯ ಕಂತು 2024ರದ್ದು. ಮೋಹಿತ್ ಆರೋನ್ 2013ರಲ್ಲಿ ಕಟ್ಟಿದ ಕೊಹೆಸಿಟಿ ಎಂಬ ಕಂಪನಿ ನೆಟ್‌ಬ್ಯಾಕಪ್ ಇರುವ ಭಾಗವನ್ನು ತನ್ನೊಳಗೆ ಸೇರಿಸಿಕೊಂಡಿತು. ಫೆಬ್ರವರಿಯಲ್ಲಿ ಘೋಷಣೆ, ಡಿಸೆಂಬರಿನಲ್ಲಿ ಮುಕ್ತಾಯ. ಬ್ಯಾಕಪ್ ಎಕ್ಸೆಕ್ ಮತ್ತು ಆ ಮೊದಲ ತೋಡಿನ ಫೈಲ್ ಸಿಸ್ಟಮ್ಮು ಆರ್ಕ್‌ಟೆರಾ ಎಂಬ ಹೊಸ ಹೆಸರಿನ ಕಂಪನಿಗೆ ಹೋದವು. ಗಮನಿಸಿ, ಕಂಪನಿಗೆ ವೆರಿಟಾಸ್ ಅಂತ ಹೆಸರು ತಂದದ್ದೇ ಆ ಫೈಲ್ ಸಿಸ್ಟಮ್ಮು. ಭಾಗ ಪತ್ರ ಆಗುವಾಗ ಮೂಲ ಮನೆ ಸಣ್ಣವನ ಪಾಲಿಗೆ ಬರುತ್ತದಲ್ಲ, ಹಾಗೆ.

ಇಷ್ಟಕ್ಕೆ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು, "ಸರ್, ಈಗ ಎಲ್ಲ ಕ್ಲೌಡ್‌ನಲ್ಲಿ ಇದೆಯಲ್ಲ, ಮತ್ತೆ ಬ್ಯಾಕಪ್ ಯಾಕೆ?" ಒಳ್ಳೆಯ ಪ್ರಶ್ನೆ. ನಿನ್ನ ಫೋನಿನಲ್ಲಿ ಒಂದು ಫೋಟೊ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದಾ ಇಲ್ಲವಾ ಎಂದು ಕೇಳಿದೆ. ಅಳಿಯುತ್ತದೆ ಅಂದಳು. ಸಿಂಕ್ ಅನ್ನುವುದು ಕನ್ನಡಿ. ನೀನು ಮುಖಕ್ಕೆ ಮಸಿ ಬಳಿದುಕೊಂಡರೆ ಅದೂ ಬಳಿದುಕೊಳ್ಳುತ್ತದೆ. ನಮಗೆ ಬೇಕಾದದ್ದು ನಿನ್ನೆಯ ಫೋಟೊ. ರ‍್ಯಾನ್ಸಮ್‌ವೇರ್ ಹಾಕುವವರಿಗೂ, ಅಂದರೆ ಡೇಟಾಕ್ಕೆ ಬೀಗ ಜಡಿದು ದುಡ್ಡು ಕೇಳುವವರಿಗೂ, ಇದು ಗೊತ್ತು. ಅದಕ್ಕೇ ಅವರು ಒಳಗೆ ಬಂದರೆ ಮೊದಲು ಹುಡುಕುವುದು ಬ್ಯಾಕಪ್ ಎಲ್ಲಿದೆ ಅಂತ. ಬರೆದ ಮೇಲೆ ಇಂತಿಷ್ಟು ದಿನ ಯಾರೂ, ಅಡ್ಮಿನ್ ಕೂಡ, ಅಳಿಸಲಾಗದ ಹಾಗೆ ಬೀಗ ಹಾಕುವ ವ್ಯವಸ್ಥೆ ಈಗ ಎಲ್ಲ ಕಂಪನಿಗಳೂ ಮಾರುತ್ತಿರುವುದು ಆ ಹೆದರಿಕೆಯ ಮೇಲೆ.

ಮನೆಯ ಫೋಟೊಗಳಿಗೆ ಏನು ಮಾಡಬೇಕು ಅಂತ ಇನ್ನೊಬ್ಬರು ಕೇಳಿದರು. ಒಂದು ಎಕ್ಸ್‌ಟರ್ನಲ್ ಡಿಸ್ಕು ಮನೆಯಲ್ಲಿ, ಇನ್ನೊಂದು ಬೇರೆ ಊರಲ್ಲಿರುವ ತಂಗಿಯ ಮನೆಯಲ್ಲಿ, ದೀಪಾವಳಿಗೆ ಹೋದಾಗ ಅದಲುಬದಲು ಎಂದೆ. ಜೊತೆಗೆ, ವರ್ಷಕ್ಕೊಮ್ಮೆ ಅದರಿಂದ ಹತ್ತು ಫೋಟೊ ತೆರೆದು ನೋಡಿ.

ಚಾ ಬಂತು. ಜಗಳ ಮಾಡಲು ಯಾರೂ ಬರಲಿಲ್ಲ. ಮೂರು ದಶಕ ಬ್ಯಾಂಕಿನಲ್ಲಿ ದುಡಿದ ಹಿರಿಯರೊಬ್ಬರು ಮಾತ್ರ ಲೋಟ ಹಿಡಿದುಕೊಂಡು ಹತ್ತಿರ ಬಂದರು. "ಆ ಬುಧವಾರದ ಕ್ಯಾಸೆಟ್ ಈಗ ಎಲ್ಲುಂಟು?" ಎಂದು ಕೇಳಿದರು. ಸಂಸ್ಥೆಯವರು ಹಳೆ ಸಾಮಾನು ಬಿಸಾಡುವಾಗ ನಾನು ಕೇಳಿ ತೆಗೆದುಕೊಂಡೆ, ಈಗ ಮನೆಯ ಕಪಾಟಿನಲ್ಲಿ ಇದೆ, ಆದರೆ ಅದನ್ನು ಓದುವ ಡ್ರೈವು ಎಲ್ಲೂ ಸಿಗುತ್ತಿಲ್ಲ ಎಂದೆ.

ಅವರು ಒಂದು ಗುಟುಕು ಕುಡಿದರು. "ನನ್ನ ಹತ್ತಿರ ಅಪ್ಪನ ಕಾಲದ ಪಿಗ್ಮಿ ಕಾರ್ಡ್ ಉಂಟು ಮಾರಾಯ್ರೆ. ಅದನ್ನು ಓದ್ಲಿಕ್ಕೆ ಕನ್ನಡಕ ಸಾಕು."